ನೀನು ಯಾರ ಕಡೆಯವ?

ತದಡಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ನಳಿಗೆ ಇದೆ. ಗೇಣಿಗಿಂತ ತುಸು ಉದ್ದ, ಎರಡು ಬೆರಳು ದಪ್ಪ, ತುದಿಗೊಂದು ಮುಚ್ಚಳ. ಚಿಕ್ಕವನಿದ್ದಾಗ ನಾನು ಅದನ್ನು ಗಾಳ ಇಡುವ ಡಬ್ಬಿ ಅಂದುಕೊಂಡಿದ್ದೆ. ಅದು ನನ್ನ ಅಜ್ಜನ ಅಣ್ಣನದು. ಮನೆಯಲ್ಲಿ ಎಲ್ಲರೂ ಅವನನ್ನು ದೊಡ್ಡಜ್ಜ ಎನ್ನುತ್ತಾರೆ. ನಾನು ಹುಟ್ಟುವ ಮೊದಲೇ ತೀರಿಕೊಂಡವನು. ನಳಿಗೆಯೊಳಗೆ ಸುರುಳಿ ಸುತ್ತಿದ ಒಂದು ಕಾಗದವಿತ್ತು. ಅದಕ್ಕೆ 'ನಲ್ಲಿ' ಎಂದು ಹೆಸರು. ಹಡಗಿನಲ್ಲಿ ಕೆಲಸ ಮಾಡಿದ್ದಕ್ಕೆ, ಕೆಲಸ ಮುಗಿಸಿ ಬಿಡುಗಡೆಯಾದದ್ದಕ್ಕೆ ಸರಕಾರ ಕೊಡುತ್ತಿದ್ದ ದಾಖಲೆ ಅದು. ಬಂದರಿನಿಂದ ಬಂದರಿಗೆ ಅಲೆಯುವ ನಾವಿಕರು ಅದು ಒದ್ದೆಯಾಗದಿರಲಿ ಎಂದು ನಳಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೇ ನಲ್ಲಿ ಎಂದು ಹೆಸರಾಯಿತು ಎನ್ನುತ್ತಾರೆ.

ಕಾಗದ ಈಗ ಮುಟ್ಟಿದರೆ ಪುಡಿಯಾಗುವಂತಿದೆ. ಮೊದಲ ಮೊಹರು 1940ರದು. ದೊಡ್ಡಜ್ಜ ಮುಂಬಯಿಗೆ ಹೋದದ್ದು ಅದಕ್ಕಿಂತ ಎರಡು ವರ್ಷ ಮೊದಲು. ನಡುವಿನ ಎರಡು ವರ್ಷ ಅವನು ಏನು ಮಾಡಿದ ಎಂದು ಅಪ್ಪನನ್ನು ಕೇಳಿದರೆ, "ನಿಂತಿದ್ದ" ಎನ್ನುತ್ತಾರೆ. ಅಷ್ಟೇ. ಎಲ್ಲಿ ನಿಂತಿದ್ದ, ಯಾರ ಮುಂದೆ ನಿಂತಿದ್ದ ಎಂಬುದನ್ನು ನಾನು ಸಂಶೋಧನೆಗೆ ಸೇರಿ, ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಬಗ್ಗೆ ಓದತೊಡಗಿದ ಮೇಲೆ ತಿಳಿದುಕೊಂಡೆ. ಮನೆಯಲ್ಲಿ ಉಳಿದಿರುವುದು ಅವನು ಹೇಳಿದ ಒಂದೇ ಮಾತು. ಮುಂಬಯಿಯಲ್ಲಿ ಯಾರೂ ನಿನಗೆ ಏನು ಕೆಲಸ ಬರುತ್ತದೆ ಎಂದು ಕೇಳಲಿಲ್ಲವಂತೆ. ಎಲ್ಲರೂ ಕೇಳಿದ್ದು, ನೀನು ಯಾರ ಕಡೆಯವ ಎಂದು.

ಕೆಲಸ ಬೇಕೆಂದರೆ ಮುಂಬಯಿಗೇ ಯಾಕೆ ಹೋಗಬೇಕಿತ್ತು? ಕುಂದಾಪುರದವನು ಹಾಗೆ ಯೋಚಿಸಬೇಕಾಗಿರಲಿಲ್ಲ. ಒಂದೇ ಕೆನರಾ ಜಿಲ್ಲೆಯಾಗಿ ಮದರಾಸಿಗೆ ಸೇರಿದ್ದ ಈ ಕರಾವಳಿಯನ್ನು ಬ್ರಿಟಿಷರು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾಗಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಿಂದ ಹೊರಡುತ್ತಿತ್ತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರವೂ ಒಂದೇ ಪ್ರಾಂತದಲ್ಲಿ ಇರಲಿ ಎಂಬ ಲೆಕ್ಕಾಚಾರ. ಕುಮಟೆಯ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಬಗೆಯ ಹತ್ತಿಯ ಹೆಸರಾಯಿತು. 1880ರ ದಶಕದ ಕೊನೆಗೆ ಘಟ್ಟದ ಮೇಲಿನಿಂದ ಗೋವೆಯ ಮುರ್ಮಗೋವೆಗೆ ರೈಲು ಬಂದಾಗ ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಬಂದರ ಸೊರಗಿತು. ಹತ್ತಿ ಹೋದರೂ ಮುಂಬಯಿಯ ನಂಟು ಹೋಗಲಿಲ್ಲ. ಪರೀಕ್ಷೆ ಮುಂಬಯಿಯದು, ಹೈಕೋರ್ಟು ಮುಂಬಯಿಯದು, ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಕರಾವಳಿಯುದ್ದಕ್ಕೂ ಓಡಾಡುವ ಆಗಬೋಟೂ ಮುಂಬಯಿಯದೇ. ಭಟ್ಕಳದ ಹುಡುಗ ಉತ್ತರಕ್ಕೆ ಮುಖ ಮಾಡಿದರೆ ಅಲ್ಲಿಂದ ಎರಡು ಹೆಜ್ಜೆ ದಕ್ಷಿಣದ ಶಿರೂರಿನವನು ಮದರಾಸಿನ ಕಡೆ ನೋಡುತ್ತಿದ್ದ.

ಓದಿದವರಿಗೆ ಮುಂಬಯಿಯಲ್ಲಿ ಗುಮಾಸ್ತಿಕೆ ಇತ್ತು. ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿತು ಮುಂಬಯಿ ಸೇರಿದವರ ಕಥೆ ಕನ್ನಡ ಸಾಹಿತ್ಯ ಓದುವವರಿಗೆ ಹೊಸದಲ್ಲ. ತದಡಿಗೆ ತೀರ ಹತ್ತಿರದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ವಿಜ್ಞಾನಿಯಾಗಿ ದುಡಿಯುತ್ತ ಹನೇಹಳ್ಳಿಯನ್ನು ಬರೆದರು. ನೌಕರಿಯೊಂದು ಮನುಷ್ಯನನ್ನು ಹೇಗೆ ಬೇಟೆಯಾಡುತ್ತದೆ ಎಂಬುದಕ್ಕೆ 1979ರ 'ಶಿಕಾರಿ'ಗಿಂತ ದೊಡ್ಡ ಸಾಕ್ಷಿ ನಮ್ಮಲ್ಲಿಲ್ಲ. ನನ್ನ ದೊಡ್ಡಜ್ಜ ಇಂಗ್ಲಿಷ್ ಕಲಿತವನಲ್ಲ. ಅವನಿಗೆ ಬೇಕಿದ್ದುದು ಗುಮಾಸ್ತಿಕೆಯೂ ಅಲ್ಲ. ಅಘನಾಶಿನಿಯ ಅಳಿವೆಯಲ್ಲಿ ದೋಣಿ ನಡೆಸುತ್ತಿದ್ದವನಿಗೆ ದೂರದಲ್ಲಿ ಹೋಗುವ ಹಡಗು ಕಾಣುತ್ತಿತ್ತು. ಆ ಹಡಗಿನ ಮೇಲೆ ಖಲಾಸಿಯಾಗಬೇಕು. ಬೇರೇನೂ ಬೇಡ. ಮುತ್ತಜ್ಜಿಯ ಕಿವಿಯ ಚಿನ್ನವನ್ನು ಕುಮಟೆಯಲ್ಲಿ ಅಡವಿಟ್ಟು ಅವನನ್ನು ಕಳಿಸಿದರು.

ಹಡಗಿನ ಕೆಲಸ ಸಿಗುತ್ತಿದ್ದ ಬಗೆಯನ್ನು ತುಸು ಬಿಡಿಸಿ ಹೇಳಬೇಕು. ಕಂಪನಿ ನಾವಿಕನನ್ನು ಒಬ್ಬೊಬ್ಬನಾಗಿ ಆರಿಸುತ್ತಿರಲಿಲ್ಲ. ಅದು ಆರಿಸುತ್ತಿದ್ದುದು ಸಾರಂಗನನ್ನು. ಸಾರಂಗ ತನ್ನ ತಂಡವನ್ನು ತಾನೇ ಕಟ್ಟಿಕೊಂಡು ಬರುತ್ತಿದ್ದ. ಅವನ ಕೈಕೆಳಗೆ ತಾಂಡೇಲ, ಕಸಬ, ಖಲಾಸಿಗಳು. ಅಡುಗೆಗೆ ಭಂಡಾರಿ, ಗುಡಿಸಲು ಟೊಪಾಸ. (ತಾಂಡೇಲ ಎಂದರೆ ನಮ್ಮಲ್ಲಿ ದೋಣಿಯ ಯಜಮಾನ. ಕಾರವಾರದ ಕಡೆ ಅದೊಂದು ಮನೆತನದ ಹೆಸರೂ ಹೌದು. ಹಡಗು ಹತ್ತಿದೊಡನೆ ಆ ಪದದ ಅಂತಸ್ತು ಒಂದು ಮೆಟ್ಟಿಲು ಇಳಿಯುತ್ತದೆ.) ಸಾರಂಗ ಜನರನ್ನು ತರುತ್ತಿದ್ದುದು ಸಾಮಾನ್ಯವಾಗಿ ತನ್ನ ಊರಿನಿಂದ, ತನ್ನ ನೆಂಟರಿಷ್ಟರಿಂದ. ಹೀಗಾಗಿ ಮುಂಬಯಿಯಲ್ಲಿ ಡೆಕ್ಕಿನ ಕೆಲಸದಲ್ಲಿ ರತ್ನಾಗಿರಿ ಕಡೆಯವರು ತುಂಬಿದ್ದರು, ಊಟೋಪಚಾರದ ಕೆಲಸದಲ್ಲಿ ಗೋವೆಯವರು. ಗೋವೆಯವರಿಗೆ ಮುಂಬಯಿಯಲ್ಲಿ ಊರೂರಿನ ಹೆಸರಿನ ಕೂಡುಗಳಿದ್ದವು. ಹಡಗು ಸಿಗುವವರೆಗೆ ಅಲ್ಲಿ ಚಾಪೆ ಹಾಸಿ ಮಲಗಬಹುದಿತ್ತು. ನಮ್ಮ ಕಡೆಯ ಒಂಟಿ ಮನುಷ್ಯನಿಗೆ ಅಂಥ ಆಸರೆ ಎಲ್ಲಿ?

ಸಾರಂಗನಿಗೂ ಕೆಲಸ ಪುಕ್ಕಟೆ ಸಿಗುತ್ತಿರಲಿಲ್ಲ. ಕಂಪನಿಗೂ ಅವನಿಗೂ ನಡುವೆ ದಲ್ಲಾಳಿ. ದಲ್ಲಾಳಿಗೆ ಕೊಟ್ಟದ್ದನ್ನು ಸಾರಂಗ ಖಲಾಸಿಗಳಿಂದ ವಸೂಲು ಮಾಡುತ್ತಿದ್ದ. ಖಲಾಸಿ ಅದನ್ನು ಸಾಲ ತಂದು ಕೊಡುತ್ತಿದ್ದ. ಸಾಲ ಕೊಡುವವನು ಹಲವು ಸಲ ಅವನು ಉಳಿದುಕೊಂಡ ಮನೆಯ ಯಜಮಾನ, ಕೆಲವು ಸಲ ಸಾರಂಗನೇ. ಹಡಗು ಹತ್ತುವ ಮೊದಲೇ ತಿಂಗಳುಗಟ್ಟಲೆ ಸಂಬಳ ಹೀಗೆ ಹಂಚಿಹೋಗಿರುತ್ತಿತ್ತು. ಆ ಸಂಬಳವಾದರೂ ಎಷ್ಟು? ಅದೇ ಹಡಗಿನ ಬಿಳಿಯ ನಾವಿಕನದಕ್ಕೆ ಹೋಲಿಸಿದರೆ ಒಂದು ಚೂರು. ಇಷ್ಟಾದರೂ ಕಾಯುವವರ ಸಂಖ್ಯೆ ಹಡಗುಗಳಿಗೆ ಬೇಕಾದವರಿಗಿಂತ ಎಷ್ಟೋ ಹೆಚ್ಚು. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ಕಾಲುಭಾಗ ಹಿಂದುಸ್ತಾನದವರೇ ಇದ್ದರು. ಅವರ ಹಿಂದೆ ದಂಡೆಯಲ್ಲಿ ನಿಂತವರ ಸಾಲು ಇನ್ನೂ ಉದ್ದ. ಅಪ್ಪ ಹೇಳುವ "ನಿಂತಿದ್ದ" ಎಂಬ ಮಾತು ಆ ಸಾಲಿನದು.

ಇದು ತಪ್ಪು ಎಂದು ಸರಕಾರಕ್ಕೆ ಗೊತ್ತಿರಲಿಲ್ಲವೆಂದಲ್ಲ. 1920ರಲ್ಲಿ ಇಟಲಿಯ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ, ನಾವಿಕರಿಗೆ ಕೆಲಸ ಕೊಡಿಸುವುದನ್ನು ಲಾಭದ ವ್ಯಾಪಾರ ಮಾಡಬಾರದು ಎಂದು ಒಪ್ಪಂದ ಮಾಡಿತು. 1922ರಲ್ಲಿ ಇಲ್ಲಿಯೂ ಒಂದು ಸಮಿತಿ ಕೂತು ವಿಚಾರಣೆ ಮಾಡಿತು. 1931ರಲ್ಲಿ ವ್ಹಿಟ್ಲೆ ಅಧ್ಯಕ್ಷತೆಯ ರಾಯಲ್ ಕಮಿಷನ್ ಇನ್ನೊಮ್ಮೆ ಬರೆಯಿತು. ವರದಿಗಳು ಬಂದವು, ಸಾರಂಗ ಇದ್ದಲ್ಲೇ ಇದ್ದ.

ವ್ಹಿಟ್ಲೆ ಕಮಿಷನ್ನಿನ ಸದಸ್ಯರಲ್ಲಿ ಒಬ್ಬರು ಎನ್. ಎಂ. ಜೋಶಿ. ಗೋಖಲೆಯವರ ಭಾರತ ಸೇವಕ ಸಮಾಜದವರು, ಮುಂಬಯಿಯ ಕಾರ್ಮಿಕ ಚಳವಳಿಯ ಹಿರಿಯರು. ಅದೇ ಸಮಾಜಕ್ಕೆ 1930ರ ದಶಕದಲ್ಲಿ ಅಂಕೋಲೆಯ ಕಡೆಯ ತರುಣನೊಬ್ಬ ಸೇರಿದ. ಹೆಸರು ದಿನಕರ ದೇಸಾಯಿ.

ಕನ್ನಡದ ಓದುಗರಿಗೆ ದಿನಕರ ದೇಸಾಯಿ ಎಂದರೆ ಚುಟುಕ, 'ದಿನಕರನ ಚೌಪದಿ'. ನಮ್ಮ ಜಿಲ್ಲೆಯವರಿಗೆ ಅವರೆಂದರೆ ಶಾಲೆ. ನನಗೆ ಮಾತ್ರ ಅವರು ಮೊದಲು ಎದುರಾದದ್ದು ಗ್ರಂಥಾಲಯದ ಕಪಾಟಿನಲ್ಲಿ, ನಾನು ನಿರೀಕ್ಷಿಸದ ಒಂದು ಇಂಗ್ಲಿಷ್ ಪುಸ್ತಕದ ಬೆನ್ನ ಮೇಲೆ: 'ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ', 1940. ಹಿಂದುಸ್ತಾನದ ನಾವಿಕರ ಬಗ್ಗೆ ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಕೂತು ಬರೆಯುವವರೂ ಈ ಪುಸ್ತಕವನ್ನು ದಾಟಿಯೇ ಹೋಗಬೇಕು. ಅಲ್ಲೆಲ್ಲ ಅವರು ಬರೀ 'ದೇಸಾಯಿ, 1940'. ಅವರು ಕನ್ನಡದ ಕವಿ ಎಂಬುದು ಆ ವಿದ್ವಾಂಸರಲ್ಲಿ ಎಷ್ಟು ಜನಕ್ಕೆ ಗೊತ್ತೋ. ನಮ್ಮಲ್ಲಿಯೂ ಚುಟುಕ ಬಾಯಿಪಾಠ ಮಾಡಿದ ಎಷ್ಟು ಜನಕ್ಕೆ ಈ ಪುಸ್ತಕ ಗೊತ್ತು?

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ದೇಸಾಯಿಯವರು ಹೊರಟದ್ದು ಇತಿಹಾಸದ ಸಂಶೋಧಕರಾಗಿ. ಮೈಸೂರಿನಲ್ಲಿ ಓದಿ ಮುಂಬಯಿಗೆ ಬಂದು ಎಂ.ಎ. ಮಾಡಿದರು, ಕಾನೂನು ಓದಿದರು. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಲೇಶ್ವರರ ಮೇಲೆ ಅವರು ನಡೆಸಿದ ಅಧ್ಯಯನ 1951ರಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಹೆರಾಸರ ಸಂಸ್ಥೆಯ ಮಾಲೆಯಲ್ಲಿ ಪುಸ್ತಕವಾಗಿ ಬಂತು. ಅಂದರೆ ಪ್ರಾಧ್ಯಾಪಕನಾಗುವ ದಾರಿ ಅವರ ಮುಂದೆ ತೆರೆದೇ ಇತ್ತು. ವಕೀಲಿ ಬೇಕಾದರೆ ಅದೂ ಇತ್ತು. ಮುಂಬಯಿಯಲ್ಲಿ ಎಂ.ಎ., ಎಲ್‌ಎಲ್.ಬಿ. ಎಂದು ಹೆಸರಿನ ಮುಂದೆ ಹಾಕಿಕೊಂಡವನಿಗೆ ಆ ಕಾಲದಲ್ಲಿ ಊರಿನಲ್ಲಿ ಎಷ್ಟು ಮಾನ ಎಂದು ಬಿಡಿಸಿ ಹೇಳಬೇಕಿಲ್ಲ. ಅವರು ಆರಿಸಿಕೊಂಡದ್ದು 1905ರಲ್ಲಿ ಗೋಖಲೆ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜವನ್ನು. ಅಲ್ಲಿ ಸೇರುವವನು ಏಳು ಪ್ರತಿಜ್ಞೆ ಮಾಡಬೇಕು. ತನಗೂ ತನ್ನ ಸಂಸಾರಕ್ಕೂ ಸಮಾಜ ಕೊಡಬಲ್ಲಷ್ಟರಲ್ಲೇ ತೃಪ್ತನಾಗಿರುತ್ತೇನೆ, ನನಗಾಗಿ ಹಣ ಗಳಿಸುವುದರಲ್ಲಿ ನನ್ನ ಶಕ್ತಿಯನ್ನು ವ್ಯಯ ಮಾಡುವುದಿಲ್ಲ ಎಂಬುದು ಅವುಗಳಲ್ಲಿ ಒಂದು. ಮೊದಲ ಐದು ವರ್ಷ ತರಬೇತಿ.

ಇದನ್ನು ತ್ಯಾಗ ಎಂದು ಬರೆಯುವುದು ವಾಡಿಕೆ. ನನಗೆ ಆ ಪದ ಅಷ್ಟು ಸರಿ ಕಾಣುವುದಿಲ್ಲ. ತನಗೆ ಬೇಕಾದ ಕೆಲಸ ಯಾವುದು ಎಂದು ಸ್ಪಷ್ಟವಾಗಿ ಗೊತ್ತಿದ್ದ ಒಬ್ಬ ಮನುಷ್ಯ ಅದನ್ನು ಹುಡುಕಿಕೊಂಡು ಹೋದದ್ದು ಅದು. ತ್ಯಾಗ ಎಂದೊಡನೆ ಬಿಟ್ಟದ್ದರ ಕಡೆಗೇ ಕಣ್ಣು ಹೋಗುತ್ತದೆ, ಹಿಡಿದದ್ದು ಕಾಣುವುದಿಲ್ಲ. ಅವರು ಹಿಡಿದದ್ದು ಮುಂಬಯಿಯ ಬಂದರ, ಅಲ್ಲಿಯ ನಾವಿಕರ ಸಂಘಟನೆ. ಶಾಸನಗಳನ್ನು ಓದಿ ಮಾಂಡಲಿಕ ಯಾರ ಅಧೀನ, ಯಾರಿಗೆ ಕಪ್ಪ ಕೊಡುತ್ತಿದ್ದ ಎಂದು ಬಿಡಿಸಿದ ಕಣ್ಣೇ ಖಲಾಸಿಯ ಮೇಲೆ ಸಾರಂಗ, ಸಾರಂಗನ ಮೇಲೆ ದಲ್ಲಾಳಿ ಎಂಬ ಏಣಿಯನ್ನೂ ನೋಡಿತು ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಅವರ ಬರಹದಲ್ಲಿ ಪುರಾವೆ ಕೇಳಬೇಡಿ. ಇದು ನನ್ನ ಊಹೆ.

ಆ ಪುಸ್ತಕ ಬಂದ ವರ್ಷವೇ, 1940ರಲ್ಲಿ, ಅವರನ್ನು ಉತ್ತರ ಕನ್ನಡದಿಂದ ಗಡಿಪಾರು ಮಾಡಲಾಯಿತು. ಗೇಣಿದಾರ ರೈತರನ್ನು ಜಮೀನುದಾರರ ವಿರುದ್ಧ ಸಂಘಟಿಸಿದ್ದು ಅದಕ್ಕೆ ಕಾರಣ. ಐದು ವರ್ಷ ಊರಿಗೆ ಕಾಲಿಡುವಂತಿರಲಿಲ್ಲ. ದೊಡ್ಡಜ್ಜನ ಮೊದಲ ಮೊಹರಿನ ವರ್ಷವೂ ಅದೇ. ಇಬ್ಬರೂ ಮುಂಬಯಿಯಲ್ಲಿದ್ದರು, ಒಂದೇ ಬಂದರದ ಆಸುಪಾಸಿನಲ್ಲಿ. ಅವರು ಪರಸ್ಪರ ಕಂಡಿದ್ದರೇ ಎಂದು ಅಪ್ಪನನ್ನು ಆಸೆಯಿಂದ ಕೇಳಿದೆ. "ಅಂವ ಸಂಘದ ಕಡೆ ಹೋದವನಲ್ಲ, ಹೋದ್ರೆ ಸಾರಂಗ ಕರೆಯೂದಿಲ್ಲ ಅಂತ ಹೆದರಿಕೆ" ಎಂದರು ಅಪ್ಪ.

ಕೊನೆಗೆ ದೊಡ್ಡಜ್ಜನಿಗೆ ಹಡಗು ಸಿಕ್ಕಿದ್ದು ಸಾರಂಗನ ಕೃಪೆಯಿಂದಲ್ಲ, ಯುದ್ಧದಿಂದ. ಹಿಟ್ಲರನ ಜಲಾಂತರ್ಗಾಮಿಗಳು ವ್ಯಾಪಾರಿ ಹಡಗುಗಳನ್ನು ಮುಳುಗಿಸತೊಡಗಿದ ಮೇಲೆ ಜನ ಸಾಲದಾದರು. ಯಾರ ಕಡೆಯವ ಎಂಬ ಪ್ರಶ್ನೆ ಕೆಲವು ವರ್ಷ ನಿಂತುಹೋಯಿತು. ಆ ಯುದ್ಧದಲ್ಲಿ ಸತ್ತ ಹಿಂದುಸ್ತಾನಿ ನಾವಿಕರು ಆರು ಸಾವಿರಕ್ಕೂ ಹೆಚ್ಚು. ದೊಡ್ಡಜ್ಜನಿಗೆ ಸಿಕ್ಕಿದ್ದು ಡೆಕ್ಕಿನ ಕೆಲಸ ಅಲ್ಲ. ಭಂಡಾರಿಯ ಕೈಕೆಳಗೆ, ಅಡುಗೆಮನೆಯಲ್ಲಿ. ಸಮುದ್ರ ನೋಡಬೇಕೆಂದು ಹೋದವನು ಎರಡು ಪ್ರಯಾಣದ ಉದ್ದಕ್ಕೂ ಉಳ್ಳಾಗಡ್ಡೆ ಹೆಚ್ಚಿದ. ಯುದ್ಧ ಮುಗಿಯಿತು, ಸಾಲು ಮತ್ತೆ ಬೆಳೆಯಿತು, ಪ್ರಶ್ನೆ ಮತ್ತೆ ಬಂತು. ಅವನು ನಳಿಗೆ ಹಿಡಿದುಕೊಂಡು ಊರಿಗೆ ಬಂದು ರಂಪಣಿ ಬಲೆ ಎಳೆದ.

ಸ್ವಾತಂತ್ರ್ಯ ಬಂದ ಮೇಲೆ ವ್ಯವಸ್ಥೆ ಬದಲಾಯಿತು, ನಿಜವಾಗಿಯೂ ಬದಲಾಯಿತು. ಮುಂಬಯಿಯಲ್ಲಿ ನಾವಿಕರ ಉದ್ಯೋಗ ಕಚೇರಿ ಬಂತು. ಹೆಸರು ಬರೆಸಿದರೆ ಪಾಳಿಯ ಪ್ರಕಾರ ಕರೆ. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯದೆ, ಹಡಗಿನ ಕೆಲಸ ಕೊಡಿಸುತ್ತೇನೆಂದು ನಾವಿಕನಿಂದ ಹಣ ಪಡೆಯುವುದನ್ನು ಅಪರಾಧ ಮಾಡಿತು. ಪಾಳಿಯೆಂದರೆ ಕಾಯುವುದೇ. ತಿಂಗಳಲ್ಲ, ಕೆಲವರಿಗೆ ವರ್ಷ. ಕಂಪನಿಗಳ ಪಟ್ಟಿ ಬೇರೆ, ಸಾಮಾನ್ಯ ಪಟ್ಟಿ ಬೇರೆ ಎಂಬ ಒಳಜಗಳಗಳೂ ಇದ್ದವು. ಆದರೂ ತನ್ನ ಸರದಿಯ ಸಂಖ್ಯೆ ಎಷ್ಟೆಂದು ತಿಳಿದು ಕಾಯುವುದಕ್ಕೂ ಸಾರಂಗನ ಮುಖ ನೋಡುತ್ತ ಕಾಯುವುದಕ್ಕೂ ವ್ಯತ್ಯಾಸವಿದೆ. ಸಂಘಗಳು ಮೂವತ್ತು ವರ್ಷ ಬಡಿದಾಡಿದ್ದು ಇಷ್ಟಕ್ಕೇ.

ದೇಸಾಯಿಯವರು ಊರ ಕಡೆ ತಿರುಗಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು. 1966ರಲ್ಲಿ, ಗೋಖಲೆ ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು. 1967ರಲ್ಲಿ ಲೋಕಸಭೆಗೂ ಹೋದರು. ಮುಂಬಯಿಯ ಸಾಲಿನಲ್ಲಿ ನಿಂತವರನ್ನು ಹತ್ತಿರದಿಂದ ಕಂಡವರು ಆ ಸಾಲಿಗೆ ಹೋಗಿ ಸೇರುವ ಮೊದಲೇ ಮಕ್ಕಳ ಕೈಗೆ ಏನಾದರೂ ಕೊಡಬೇಕು ಎಂದು ಯೋಚಿಸಿರಬೇಕು. ನಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮೊದಲಿಗರು ನನ್ನ ಅತ್ತೆ. ಆ ಕಾಲದಲ್ಲಿ ಹತ್ತಿರದಲ್ಲೊಂದು ಹೈಸ್ಕೂಲು ಇಲ್ಲದಿದ್ದರೆ ಮೀನುಗಾರರ ಮನೆಯ ಹೆಣ್ಣುಮಗಳು ಅಷ್ಟು ಓದುವ ಮಾತೇ ಇರಲಿಲ್ಲ. ಎಂ.ಎ.ಗೆ ಬಂದವನು ನಾನು.

ಇಲ್ಲಿ ನನ್ನ ಮಾತು ಸ್ವಲ್ಪ. ಕೆ-ಸೆಟ್ ಆಗಿದೆ, ಪ್ರಬಂಧ ಮುಗಿಯುತ್ತ ಬಂದಿದೆ. ನನಗೆ ಬೇಕಾದದ್ದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ. ಕಳೆದ ವರ್ಷ ಒಂದು ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಮೂವರು ಕೂತಿದ್ದರು. ಕಡತ ತೆರೆಯುವ ಮೊದಲೇ ಒಬ್ಬರು, "ನಿಮ್ಮನ್ನು ಕಳಿಸಿದ್ದು ಯಾರು?" ಎಂದರು. ಜಾಹೀರಾತು ನೋಡಿ ಬಂದೆ ಎಂದೆ. ಅವರು ಒರಟಾಗಿ ಏನೂ ಅನ್ನಲಿಲ್ಲ. ಒಬ್ಬರನ್ನೊಬ್ಬರು ನೋಡಿ ನಕ್ಕರು, ಅಷ್ಟೇ. ಆಮೇಲೆ ಪ್ರಶ್ನೆಗಳನ್ನೂ ಕೇಳಿದರು, ನಾನು ಚೆನ್ನಾಗಿಯೇ ಉತ್ತರಿಸಿದೆ. ಬಸ್ಸಿನಲ್ಲಿ ಬರುವಾಗ ದೊಡ್ಡಜ್ಜನ ಮಾತು ನೆನಪಾಯಿತು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಬಂದದ್ದು ಸಿಟ್ಟಲ್ಲ. ನನಗೆ ಯಾರಾದರೂ ಪರಿಚಯದವರು ಇದ್ದಿದ್ದರೆ ಎಂಬ ಆಸೆ.

ಕೆಲಸ ತದಡಿಗೇ ಬರುತ್ತದೆ ಎಂಬ ಮಾತನ್ನೂ ನಾವು ಕೇಳುತ್ತ ಬೆಳೆದಿದ್ದೇವೆ. 2000ದ ದಶಕದಲ್ಲಿ ಇಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಯೋಜನೆ ಬಂತು. ಊರಲ್ಲಿ ಎರಡು ಮಾತಿತ್ತು. ಹುಡುಗರಿಗೆ ನೌಕರಿ ಆಗುತ್ತದೆ ಎನ್ನುವವರು ಒಂದು ಕಡೆ. ಅಳಿವೆಯ ಕೆಸರಿನಲ್ಲಿ ಬಳಚು ಹೆಕ್ಕಿ ಸಂಸಾರ ನಡೆಸುವ ಹೆಂಗಸರಿಗೆ ಇರುವ ಕೆಲಸ ಹೋಗುತ್ತದಲ್ಲ ಎನ್ನುವವರು ಇನ್ನೊಂದು ಕಡೆ. ವಿರೋಧ ಬಲವಾಗಿ ಯೋಜನೆ ಹೋಯಿತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಬಳಚು ಹೆಕ್ಕುವವರನ್ನು ಯಾರ ಕಡೆಯವರು ಎಂದು ಯಾರೂ ಕೇಳುವುದಿಲ್ಲ. ಭರತ ಇಳಿದರೆ ಸಾಕು. ಆದರೆ ನಮ್ಮ ಮನೆಯ ಹುಡುಗರಲ್ಲಿ ಒಬ್ಬನೂ ಅದನ್ನು ಕೆಲಸ ಎನ್ನುವುದಿಲ್ಲ.

ಚಿಕ್ಕಪ್ಪನ ಮಗನಿಗೆ ಈಗ ಇಪ್ಪತ್ತು. ಅವನಿಗೂ ಹಡಗೇ ಬೇಕು. ಅಟ್ಟದ ನಳಿಗೆಯ ಕಥೆ ಕೇಳಿಯೇ ಬೆಳೆದವನು, ಆದರೆ ಅವನ ತಲೆಯಲ್ಲಿರುವುದು ಇನ್‌ಸ್ಟಾಗ್ರಾಮಿನಲ್ಲಿ ಬಿಳಿ ಸಮವಸ್ತ್ರ ಹಾಕಿಕೊಂಡು ಸಿಂಗಾಪುರದ ದೀಪಗಳನ್ನು ತೋರಿಸುವ ಹುಡುಗರು. ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಮುಗಿಸಿ ಬಂದ. ಸಿಡಿಸಿ ಎನ್ನುವ ಚಿಕ್ಕ ಪುಸ್ತಕ ಸಿಕ್ಕಿದೆ, ಪಾಸ್‌ಪೋರ್ಟಿನ ಹಾಗೆ ಇರುತ್ತದೆ. ದೊಡ್ಡಜ್ಜನ ನಲ್ಲಿಯ ಮರಿಮಗ. ಅಷ್ಟಾದ ಮೇಲೆ ಒಂದು ವರ್ಷದಿಂದ ಮನೆಯಲ್ಲಿದ್ದಾನೆ. ತರಬೇತಿ ಪಡೆದವರು ಬಹಳ, ಮೊದಲ ಹಡಗು ಸಿಗುವುದೇ ಕಷ್ಟ.

ಹೋದ ತಿಂಗಳು ಅವನಿಗೆ ಮುಂಬಯಿಯಿಂದ ಫೋನು ಬಂತು. ಹಡಗು ತಯಾರಿದೆ, ದುಬೈನಲ್ಲಿ ಹತ್ತಬೇಕು, ಮೂರು ಲಕ್ಷ ಕೊಡಬೇಕು, ಅರ್ಧ ಮುಂಗಡ. ವಾಟ್ಸಾಪಿನಲ್ಲಿ ಮೊಹರು ಹಾಕಿದ ನೇಮಕಾತಿ ಪತ್ರವೂ ಬಂತು. ಚಿಕ್ಕಮ್ಮ ಆಗಲೇ ಬಳೆ ಬಿಚ್ಚಿ ಇಟ್ಟಿದ್ದಳು, ಕುಮಟೆಯ ಸೊಸೈಟಿಗೆ ಒಯ್ಯಲು. "ಅಣ್ಣಾ, ನೀ ಇದ್ನೇ ಓದ್ತಿದ್ದೆ ಅಲ್ಲ, ಇದು ಖರೇನೋ ಸುಳ್ಳೋ ನೋಡು" ಎಂದು ಅವನು ಮೊಬೈಲು ಹಿಡಿದುಕೊಂಡು ಬಂದ. ನನ್ನ ಸಂಶೋಧನೆಯಿಂದ ಮನೆಗೆ ಏನಾದರೂ ಉಪಯೋಗವಾಗುವ ಸಂದರ್ಭ ಬಂದದ್ದು ಅದೇ ಮೊದಲು.

ಕಾಯದೆ ಈಗ ಇನ್ನೂ ಬಿಗಿ. ನಾವಿಕರನ್ನು ನೇಮಿಸುವ ಏಜೆನ್ಸಿಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಕೆಲಸ ಕೊಡಿಸಲು ನಾವಿಕನಿಂದ ಕಾಸು ಪಡೆಯುವಂತಿಲ್ಲ. 2006ರ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದ ಹೇಳುವುದೂ ಅದನ್ನೇ. ಭಾರತ ಅದಕ್ಕೆ 2015ರಲ್ಲಿ ಸಹಿ ಹಾಕಿದೆ. ನಕಲಿ ಏಜೆಂಟರ ಬಗ್ಗೆ ನಿರ್ದೇಶನಾಲಯ ಮೇಲಿಂದ ಮೇಲೆ ಎಚ್ಚರಿಕೆ ಕೊಡುತ್ತದೆ. ಪರವಾನಗಿ ಇರುವವರ ಪಟ್ಟಿ ಅದರ ಜಾಲತಾಣದಲ್ಲಿಯೇ ಇದೆ. ಜಿನೋವಾದಲ್ಲಿ ಒಪ್ಪಿದ ಮಾತು ಅಳಿವೆ ದಾಟಿ ನಮ್ಮ ಜಗಲಿಗೆ ಬರಲು ನೂರು ವರ್ಷ ಹಿಡಿಯಿತು.

ಜೆಟ್ಟಿಯ ಹತ್ತಿರ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಇಬ್ಬರೂ ಅಲ್ಲಿ ಹೋಗಿ ಕೂತೆವು. ಅಘನಾಶಿನಿಯ ಕಡೆಯಿಂದ ಬಾರ್ಜು ಬರುತ್ತಿತ್ತು, ಮಂಜುಗಡ್ಡೆ ತುಂಬುತ್ತಿದ್ದ ಬೋಟುಗಳ ಗದ್ದಲ. ಪತ್ರದಲ್ಲಿದ್ದ ಪರವಾನಗಿ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿದೆ. ಸಂಖ್ಯೆ ಇತ್ತು, ಆದರೆ ಅದು ಬೇರೆ ಕಂಪನಿಯದು. ಪತ್ರದಲ್ಲಿದ್ದ ಹೆಸರನ್ನು ಹುಡುಕಿದೆ. ಇರಲಿಲ್ಲ. ಕಾಗುಣಿತ ಬದಲಿಸಿ ಇನ್ನೆರಡು ಸಲ ಹುಡುಕಿದೆ. ಅವನು ನನ್ನ ಭುಜದ ಮೇಲಿಂದ ಬಗ್ಗಿ ಪರದೆಯನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೊಬೈಲನ್ನು ಕಿಸೆಗೆ ಹಾಕಿಕೊಳ್ಳುತ್ತ, "ಹಂಗಾರೆ ಅಣ್ಣಾ, ಮುಂಬಯಿ ಕಡೆ ನಿಂಗೆ ಗುರ್ತದವ್ರು ಯಾರಾದ್ರೂ ಇದ್ರೋ?" ಎಂದ.